ಪಟ್ಟಣದ ಕುರ್ಚಿ

ನಮ್ಮ ಬಸರಾಳಿನ ಮನೆಯ ಪಡಸಾಲೆಯಲ್ಲಿ, ಹೊಸ್ತಿಲು ದಾಟಿದೊಡನೆ ಬಲಗಡೆಗೆ, ಬೀಟೆಯ ಮರದ ಒಂದು ಕುರ್ಚಿಯುಂಟು. ಅದರ ಕೈಗಳೆರಡೂ ಮುಂದಕ್ಕೆ ಬಾಗಿ ಸುರುಳಿಯಾಗಿ ಮುಗಿಯುತ್ತವೆ. ಮುಂಗಾಲುಗಳನ್ನು ತಿರುಗಣೆಯಲ್ಲಿ ಕಡೆದಿದ್ದಾರೆ. ಬೆನ್ನಿನ ಮೇಲುಪಟ್ಟಿಯ ನಡುವೆ ಬಿಳಿಯ ಚೂರುಗಳನ್ನು ಕೂರಿಸಿ ಮಾಡಿದ ಅಂಗೈಯಗಲದ ಹೂವೊಂದಿದೆ. ಆಸನದ ಬೆತ್ತವು ನಮ್ಮ ತಂದೆಯವರ ಕಾಲದಲ್ಲಿಯೇ ಹರಿದುಹೋದುದರಿಂದ ಅದರ ಮೇಲೊಂದು ಹಲಗೆಯನ್ನೂ, ಹಲಗೆಯ ಮೇಲೊಂದು ದಿಂಬನ್ನೂ ಇರಿಸಿ, ಮನೆಗೆ ಬಂದ ದೊಡ್ಡವರನ್ನು ಅದರಲ್ಲಿ ಕುಳ್ಳಿರಿಸುವುದು ರೂಢಿ. ಮನೆಯವರೆಲ್ಲರೂ ಅದನ್ನು ಪಟ್ಟಣದ ಕುರ್ಚಿಯೆಂದೇ ಕರೆಯುವರು. ನಮ್ಮ ಸೀಮೆಯಲ್ಲಿ ಪಟ್ಟಣವೆಂದರೆ ಶ್ರೀರಂಗಪಟ್ಟಣವೇ ಹೊರತು ಬೇರೊಂದಲ್ಲ.

ಈ ಕುರ್ಚಿಯ ಪೂರ್ವವೃತ್ತಾಂತವನ್ನು ನಾವು ಬಾಲ್ಯದಿಂದಲೂ ಕೇಳುತ್ತ ಬಂದವರು. ೧೭೯೯ನೆಯ ಇಸವಿಯಲ್ಲಿ ಪಟ್ಟಣವು ಇಂಗ್ಲಿಷರ ವಶವಾಗಿ ಟಿಪ್ಪೂ ಸುಲ್ತಾನನು ಮಡಿದ ಮೇಲೆ ಅರಮನೆಯ ಸಾಮಾನುಗಳು ದಿಕ್ಕುಪಾಲಾದುವಷ್ಟೆ. ಆಗ ನಮ್ಮ ಪೂರ್ವಿಕರೊಬ್ಬರು ಬೆಲ್ಲದ ಗಾಡಿ ಹೊಡೆದುಕೊಂಡು ಹೋದವರು ಬರುವಾಗ ಈ ಕುರ್ಚಿಯನ್ನು ಹೇರಿಕೊಂಡು ಬಂದರಂತೆ. ಸುಲ್ತಾನನು ಇದರಲ್ಲಿ ಕುಳಿತು ದಫ್ತರಗಳನ್ನು ನೋಡುತ್ತಿದ್ದನಂತೆ. ಶಾಲೆಯಲ್ಲಿ ಓದುತ್ತಿದ್ದ ದಿನಗಳಲ್ಲಿ ಸಹಪಾಠಿಗಳನ್ನು ಮನೆಗೆ ಕರೆತಂದು, ಒಂದೊಂದು ಕಡಲೆಮಿಠಾಯಿಯನ್ನು ಪಡೆದು, ಅವರನ್ನು ಸುಲ್ತಾನನ ಕುರ್ಚಿಯಲ್ಲಿ ಕೂರಿಸಿದ ಪಾಪವೂ ನಮ್ಮ ಪಾಲಿಗುಂಟು.

ಹೋದ ಮಾಘಮಾಸದಲ್ಲಿ ಹಳೆಯ ಸಾಮಾನುಗಳ ವರ್ತಕರೊಬ್ಬರು ನಮ್ಮ ಮನೆಗೆ ಬಂದರು. ಅವರು ಕುರ್ಚಿಯನ್ನು ಬೋರಲು ಹಾಕಿ, ಕೈದೀಪ ಹಿಡಿದು ನೋಡಿ, ಆಸನದ ಕೆಳಗಿನ ಪಟ್ಟಿಯ ಮೇಲೆ ಬಿಳಿಯ ಬಣ್ಣದಲ್ಲಿ ಬರೆದಿದ್ದ ೧೧೭ ಎಂಬ ಅಂಕೆಯನ್ನು ನಮಗೆ ತೋರಿಸಿದರು. ಅಷ್ಟು ವರ್ಷ ಮನೆಯಲ್ಲಿದ್ದ ಕುರ್ಚಿಯ ತಳವನ್ನು ನಾವು ಒಮ್ಮೆಯೂ ನೋಡಿರಲಿಲ್ಲ. ಅದು ಅರಮನೆಯ ಉಗ್ರಾಣದ ಸಂಖ್ಯೆಯೆಂದು ವರ್ತಕರ ಅಭಿಪ್ರಾಯ. "ಇದ್ದಂತೆ ಕೊಟ್ಟರೆ ನಲವತ್ತು ಸಾವಿರ. ಆದರೆ ೧೭೯೯ರಿಂದ ನಿಮ್ಮ ಮನೆಯಲ್ಲಿಯೇ ಇದೆ, ಸುಲ್ತಾನರ ಅರಮನೆಯಿಂದ ಬಂತು ಅಂತ ಮನೆಯ ಯಜಮಾನರು ಒಂದು ಕಾಗದ ಬರೆದು ಸಹಿ ಹಾಕಿಕೊಟ್ಟರೆ ಮೂರು ಲಕ್ಷ," ಎಂದರು. ಸುಲ್ತಾನನದೆಂದು ಬರೆಯಲು ಸಂಕೋಚವಾದರೆ ಮೈಸೂರು ಅರಮನೆಯದೆಂದು ಬರೆದರೂ ಆದೀತೆಂದು ಔದಾರ್ಯವನ್ನೂ ತೋರಿಸಿದರು.

ಹಿತ್ತಲ ಕಡೆಯ ಮಾಡಿನ ಹೆಂಚುಗಳೆಲ್ಲ ಒಡೆದು, ತೊಲೆಗಳೆರಡಕ್ಕೆ ಗೆದ್ದಲು ಹಿಡಿದು, ಮಳೆಗಾಲದಲ್ಲಿ ಅಡುಗೆಮನೆಯಲ್ಲಿ ಪಾತ್ರೆಗಳನ್ನು ಸೋರುವ ಕಡೆಗೆ ಜೋಡಿಸುವುದೇ ಒಂದು ಕೆಲಸವಾಗಿದ್ದ ಕಾಲವದು. ನಮ್ಮ ತಮ್ಮನು ವರ್ತಕರ ಮಾತು ಮುಗಿಯುವ ಮೊದಲೇ ಕಾಗದವನ್ನೂ ಲೇಖನಿಯನ್ನೂ ತಂದನು. ನಾವು ಹದಿನೈದು ದಿನಗಳ ಅವಕಾಶವನ್ನು ಕೇಳಿದೆವು. ಸತ್ಯಸಂಧತೆಯಿಂದ ಕೇಳಿದೆವೆಂದು ಹೇಳಿಕೊಳ್ಳಲಾರೆವು. ನಿಜವಾಗಿಯೂ ಸುಲ್ತಾನನ ಕುರ್ಚಿಯಾಗಿದ್ದರೆ ಮೂರು ಲಕ್ಷಕ್ಕೆ ಕೊಡುವುದು ನಷ್ಟವಾದೀತೆಂಬ ಆಲೋಚನೆಯೂ ಮನಸ್ಸಿನಲ್ಲಿದ್ದಿತು.

ಆ ಹದಿನೈದು ದಿನಗಳಲ್ಲಿ ಅರಸರ ಆಸನಗಳ ವಿಷಯವಾಗಿ ದೊರೆತುದನ್ನೆಲ್ಲ ಓದಿದೆವು. ಮೊದಲು ಓದಿದುದು ಪಟ್ಟಣದ ಸಿಂಹಾಸನದ ಕಥೆ. ಸಿಂಹಾಸನವೆನ್ನುವುದಕ್ಕಿಂತ ಹುಲಿಯಾಸನವೆನ್ನುವುದೇ ಸರಿ. ನಿಜವಾದ ಹುಲಿಯ ಗಾತ್ರದ ಒಂದು ಮರದ ಹುಲಿ. ಅದರ ಬೆನ್ನಿನ ಮೇಲೆ ಎಂಟು ಮೂಲೆಯ ಪೀಠ. ಪೀಠದ ಸುತ್ತ ತಗ್ಗಾದ ಕಟಾಂಜನ, ಅದರ ಮೇಲೆ ರತ್ನಗಳನ್ನು ಕೆತ್ತಿದ ಚಿಕ್ಕ ಚಿಕ್ಕ ಹುಲಿಮುಖಗಳು. ಹತ್ತುವುದಕ್ಕೆ ಬೆಳ್ಳಿಯ ಮೆಟ್ಟಿಲು. ಮೇಲೆ ಮುತ್ತಿನ ಜಾಲರಿಯ ಛತ್ರ. ಛತ್ರದ ನೆತ್ತಿಯ ಮೇಲೆ ರೆಕ್ಕೆಬಿಚ್ಚಿದ ಹುಮಾ ಪಕ್ಷಿ. ಆ ಹಕ್ಕಿಯ ನೆರಳು ಯಾರ ತಲೆಯ ಮೇಲೆ ಬೀಳುವುದೋ ಅವನು ದೊರೆಯಾಗುವನೆಂದು ಪಾರಸಿಕರ ನಂಬಿಕೆ. ಇದೆಲ್ಲವೂ ಗಟ್ಟಿ ಚಿನ್ನವಲ್ಲ. ಮೈಯೆಲ್ಲ ಮರ, ಅದರ ಮೇಲೆ ನಾಣ್ಯದಷ್ಟು ದಪ್ಪದ ಅಪರಂಜಿಯ ತಗಡು, ತಗಡಿನ ಮೇಲೆ ಹುಲಿಪಟ್ಟೆಗಳು. ಚಿಕ್ಕ ಹುಲಿಮುಖಗಳ ಒಳಗೆ ಅರಗನ್ನು ತುಂಬಿ, ಚಿನ್ನದ ತಗಡನ್ನು ಹೊದಿಸಿ, ಕೆಂಪು ಪಚ್ಚೆ ವಜ್ರಗಳನ್ನು ಕುಂದಣದ ಕೆಲಸದಲ್ಲಿ ಕೂರಿಸಿದ್ದಾರೆ. ನಮ್ಮ ಅಕ್ಕಸಾಲಿಗರು ಮದುವೆಯ ಅಡ್ಡಿಕೆಗೆ ಮಾಡುವ ಕೆಲಸವೂ ಇದೇ ಜಾತಿಯದು. ಇಂಗ್ಲಿಷರನ್ನು ಪೂರ್ಣವಾಗಿ ಸೋಲಿಸುವವರೆಗೆ ಆ ಪೀಠವನ್ನು ಏರುವುದಿಲ್ಲವೆಂದು ಸುಲ್ತಾನನು ಶಪಥ ಮಾಡಿದ್ದನೆಂದೂ, ಆದುದರಿಂದ ಒಂದು ಸಲವೂ ಅದರಲ್ಲಿ ಕೂರಲಿಲ್ಲವೆಂದೂ ಹೇಳುವರು.

ಪಟ್ಟಣ ಬಿದ್ದ ಮೇಲೆ, ಲೂಟಿಯ ಸೊತ್ತನ್ನು ಸೈನ್ಯಕ್ಕೆ ಪಾಲುಮಾಡಿಕೊಡಲು ನೇಮಕವಾದ ಅಧಿಕಾರಿಗಳು ಈ ಪೀಠವನ್ನು ತುಂಡುತುಂಡಾಗಿ ಒಡೆಸಿಬಿಟ್ಟರು. ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಅದನ್ನು ಇಡಿಯಾಗಿ ತಮ್ಮ ದೊರೆಗೆ ಕಳುಹಿಸಬೇಕೆಂಬ ಇಚ್ಛೆಯಿದ್ದಿತು; ಆತನ ಮಾತು ತಲಪುವಷ್ಟರಲ್ಲಿ ಕೊಡಲಿಯ ಕೆಲಸ ಮುಗಿದಿತ್ತು. ಹುಮಾ ಪಕ್ಷಿಯೂ ದೊಡ್ಡ ಹುಲಿಯ ತಲೆಯೂ ಈಗ ಇಂಗ್ಲೆಂಡಿನ ರಾಜರ ಸಂಗ್ರಹದಲ್ಲಿವೆ. ಚಿಕ್ಕ ಹುಲಿಮುಖಗಳಲ್ಲಿ ಒಂದು ವೇಲ್ಸ್ ಸೀಮೆಯ ಪೋವಿಸ್ ಕೋಟೆಯಲ್ಲಿದೆ. ಬೇರೆ ಎರಡು ೨೦೦೯ರಲ್ಲಿಯೂ ೨೦೧೦ರಲ್ಲಿಯೂ ಲಂಡನ್ನಿನಲ್ಲಿ ಹರಾಜಾಗಿ ಒಂದೊಂದಕ್ಕೂ ಸುಮಾರು ನಾಲ್ಕು ಲಕ್ಷ ಪೌಂಡು ಬಂದಿತು. ೨೦೨೧ರಲ್ಲಿ ಅಂಥದೇ ಒಂದು ಹುಲಿಮುಖಕ್ಕೆ ಹದಿನೈದು ಲಕ್ಷ ಪೌಂಡಿನ ಬೆಲೆ ಕಟ್ಟಿ, ಅದು ದೇಶದಿಂದ ಹೊರಗೆ ಹೋಗದಂತೆ ಬ್ರಿಟಿಷ್ ಸರ್ಕಾರವು ಸ್ವಲ್ಪ ಕಾಲ ತಡೆಹಾಕಿತು. ನಮ್ಮ ಪಟ್ಟಣದಿಂದ ಹೋದ ವಸ್ತುವು ತಮ್ಮ ದೇಶ ಬಿಟ್ಟು ಹೋದೀತೆಂಬ ಅವರ ಕಳವಳವನ್ನು ಓದಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಅದೇ ೧೭೯೯ರಲ್ಲಿ ಇನ್ನೊಂದು ಆಸನವು ಬೆಳಕಿಗೆ ಬಂದಿತು. ಮೈಸೂರು ಒಡೆಯರ ಸಿಂಹಾಸನವು ಪಟ್ಟಣದ ಯಾವುದೋ ಹಳೆಯ ಸಾಮಾನಿನ ಕೋಣೆಯಲ್ಲಿ ಬಿದ್ದಿದ್ದುದು ಸಿಕ್ಕಿತೆಂದೂ, ಅದರ ಮೇಲೆಯೇ ಆ ವರ್ಷದ ಜೂನ್ ೩೦ರಂದು ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟಾಭಿಷೇಕವಾಯಿತೆಂದೂ ಹೇಳುತ್ತಾರೆ. ಅತ್ತಿಯ ಮರದ ಮೈ, ಅದಕ್ಕೆ ದಂತದ ಹೊದಿಕೆ, ಆಮೇಲಿನ ಕಾಲದಲ್ಲಿ ಚಿನ್ನ ಬೆಳ್ಳಿಯ ತಗಡು. ಅದು ಪಾಂಡವರ ಕಾಲದ್ದೆಂದೂ, ಪೆನುಗೊಂಡೆಯಲ್ಲಿ ಹೂತಿದ್ದುದನ್ನು ವಿದ್ಯಾರಣ್ಯರು ಹರಿಹರನಿಗೆ ತೋರಿಸಿದರೆಂದೂ, ೧೬೧೦ರಲ್ಲಿ ರಾಜ ಒಡೆಯರು ಪಟ್ಟಣವನ್ನು ಪಡೆದಾಗ ಅವರ ಕೈಸೇರಿತೆಂದೂ ಐತಿಹ್ಯ. ಛತ್ರದ ಮೇಲೆ ೨೪ ಸಂಸ್ಕೃತ ಶ್ಲೋಕಗಳು ಕೆತ್ತಿವೆ. ದಸರೆಗೆ ಮೊದಲು ಉಗ್ರಾಣದಿಂದ ಭಾಗಗಳನ್ನು ತಂದು ಅದನ್ನು ಜೋಡಿಸುವವರು ಮೈಸೂರಿನ ಸಮೀಪದ ಗೆಜ್ಜಗಳ್ಳಿಯವರು. ಹಬ್ಬವಾದ ಮೇಲೆ ಬಿಚ್ಚಿ ಒಳಗಿಡುವವರೂ ಅವರೇ. ಪಾಂಡವರ ಮಾತು ಹಾಗಿರಲಿ, ವರ್ಷವರ್ಷವೂ ಬಿಚ್ಚಿ ಕಟ್ಟುವ ಈ ಕೈಗಳಿಗಿಂತ ಬಲವಾದ ಸಾಕ್ಷಿ ಆ ಆಸನಕ್ಕೆ ಬೇಕಿಲ್ಲವೆಂದು ನಮಗೆ ತೋರಿತು. ನಮ್ಮ ಕುರ್ಚಿಗೆ ಅಂತಹ ಕೈಗಳಿರಲಿಲ್ಲ. ಇದ್ದುದು ೧೧೭ ಎಂಬ ಒಂದು ಅಂಕೆ ಮಾತ್ರ.

ಅಂಕೆಯೊಂದರಿಂದ ಆಸನದ ಕುಲವನ್ನು ಹೇಳಬಹುದೆ? ಹೇಳಬಹುದೆಂಬುದಕ್ಕೆ ಫ್ರಾನ್ಸ್ ದೇಶವೇ ನಿದರ್ಶನ. ಆ ದೇಶಕ್ಕೂ ಪಟ್ಟಣಕ್ಕೂ ಸಂಬಂಧವಿಲ್ಲದೆ ಇಲ್ಲ. ಸುಲ್ತಾನನು ಕಳುಹಿಸಿದ ಮೂವರು ರಾಯಭಾರಿಗಳು ೧೭೮೮ರ ಆಗಸ್ಟ್ ೧೦ರಂದು ವರ್ಸೇಲ್ಸ್ ಅರಮನೆಯಲ್ಲಿ ಹದಿನಾರನೆಯ ಲೂಯಿ ದೊರೆಯನ್ನು ಕಂಡರು. ದೊರೆಯು ಉಡುಗೊರೆಯಾಗಿ ಸೇವ್ರ್ ಕಾರ್ಖಾನೆಯ ಪಿಂಗಾಣಿಯನ್ನು ಕೊಟ್ಟನು; ಕೆಲವು ಕುಶಲಕರ್ಮಿಗಳೂ ರಾಯಭಾರಿಗಳೊಡನೆ ಪಟ್ಟಣಕ್ಕೆ ಬಂದರು. ಆ ದಿನ ಪರದೇಶದವರನ್ನು ನೋಡಲು ನೆರೆದಿದ್ದ ಆಸ್ಥಾನದ ಜನರು ಮನೆಗೆ ಹೋಗಿ ಕುಳಿತ ಕುರ್ಚಿಗಳು ಲೋಕಪ್ರಸಿದ್ಧವಾದುವು.

ಅಲ್ಲಿ ಒಬ್ಬನೇ ಒಂದು ಕುರ್ಚಿಯನ್ನು ಮಾಡುವಂತಿರಲಿಲ್ಲ. ಬಡಗಿಯು ಬೀಚ್ ಎಂಬ ಮರದಿಂದಲೋ ಅಕ್ರೋಟದ ಮರದಿಂದಲೋ ಚೌಕಟ್ಟನ್ನು ಕಟ್ಟುವನು. ಒಂದು ಮರದಲ್ಲಿ ತೂತು ತೋಡಿ, ಇನ್ನೊಂದರ ತುದಿಯನ್ನು ನಾಲಗೆಯಂತೆ ಕೊರೆದು ಅದರೊಳಗೆ ಕೂರಿಸಿ, ಅಡ್ಡಲಾಗಿ ಮರದ ಗೂಟ ಹೊಡೆಯುವನು. ಆಮೇಲೆ ಕೆತ್ತನೆಯವನು ಹೂಬಳ್ಳಿಗಳನ್ನು ಕೆತ್ತುವನು. ಚಿನ್ನ ಹೊದಿಸುವವನು ಸೀಮೆಸುಣ್ಣವನ್ನು ಅಂಟಿನಲ್ಲಿ ಕಲಸಿ ಹಲವು ಸಲ ಬಳಿದು, ಮುಚ್ಚಿಹೋದ ಗೆರೆಗಳನ್ನು ಮತ್ತೆ ತಿದ್ದಿ, ಕೆಂಪು ಜೇಡಿಯನ್ನು ಬಳಿದು, ಅದರ ಮೇಲೆ ಚಿನ್ನದ ರೇಕನ್ನು ಹಚ್ಚಿ, ನುಣುಪಾದ ಕಲ್ಲಿನಿಂದ ಉಜ್ಜಿ ಹೊಳಪು ತರುವನು. ಕಡೆಗೆ ಮೆತ್ತೆಯ ಕೆಲಸದವನು ಕುದುರೆಯ ಕೂದಲನ್ನು ತುಂಬಿ ರೇಷ್ಮೆಯನ್ನು ಹೊದಿಸುವನು. ಬಡಗಿಗಳ ಕೂಟಕ್ಕೆ ೧೭೪೩ರಲ್ಲಿ ರಚಿತವಾಗಿ ೧೭೫೧ರಲ್ಲಿ ಊರ್ಜಿತವಾದ ಕಟ್ಟಳೆಯಂತೆ, ಕುರ್ಚಿಯ ಮರೆಯ ಭಾಗದಲ್ಲಿ ಬಡಗಿಯು ತನ್ನ ಹೆಸರಿನ ಉಕ್ಕಿನ ಮುದ್ರೆಯನ್ನು ಹೊಡೆಯತಕ್ಕದ್ದು. ಜಾರ್ಜ್ ಜಾಕೋಬ್, ಸೆನೆ, ಬೂಲಾರ್ ಮೊದಲಾದವರ ಹೆಸರುಗಳು ಹೀಗೆ ಉಳಿದು ಬಂದುವು. ಅರಸನ ಉಗ್ರಾಣದವರಾದರೋ ಪ್ರತಿಯೊಂದು ವಸ್ತು ಬಂದ ದಿನ, ಅದರ ಅಳತೆ, ವರ್ಣನೆ, ಇಡತಕ್ಕ ಕೋಣೆ ಎಲ್ಲವನ್ನೂ ಪುಸ್ತಕದಲ್ಲಿ ಬರೆದು, ಪುಸ್ತಕದ ಸಂಖ್ಯೆಯನ್ನೇ ಕುರ್ಚಿಯ ಮೇಲೂ ಹಾಕುತ್ತಿದ್ದರು. ವರ್ಸೇಲ್ಸ್ ಅರಮನೆಯ ಕುರ್ಚಿಗಳಿಗೆ ಕಿರೀಟದ ಕೆಳಗೆ ಜೋಡಿ ಅಕ್ಷರದ ಬರೆಯನ್ನೂ ಹಾಕುತ್ತಿದ್ದರು, ದನಕ್ಕೆ ಗುರುತು ಹಾಕಿದ ಹಾಗೆ.

ಇಷ್ಟೆಲ್ಲ ಎಚ್ಚರದಿಂದ ಕಾಪಾಡಿದ ವಸ್ತುಗಳನ್ನು ಕ್ರಾಂತಿಯ ಸರ್ಕಾರವು ೧೭೯೩ರ ಆಗಸ್ಟಿನಿಂದ ಒಂದು ವರ್ಷ ಕಾಲ ಹರಾಜು ಹಾಕಿತು. ಒಟ್ಟು ೧೭,೧೮೨ ಪಾಲುಗಳು ಮಾರಾಟವಾದುವು. ಪಟ್ಟಣದ ಹುಲಿಯಾಸನವು ಒಡೆದುಹೋಗುವುದಕ್ಕೆ ಐದಾರು ವರ್ಷ ಮೊದಲಿನ ಮಾತಿದು. ಈಚಿನ ಕಾಲದಲ್ಲಿ ವರ್ಸೇಲ್ಸಿನವರು ಹೋದುದನ್ನು ಒಂದೊಂದಾಗಿ ಕೊಂಡು ಮನೆಗೆ ತರುತ್ತಿದ್ದಾರೆ. ಕುರ್ಚಿಯ ಸಂಖ್ಯೆಯೂ ಪುಸ್ತಕದ ಸಂಖ್ಯೆಯೂ ಹೊಂದಿದರೆ ಅದು ರಾಣಿಯ ಕುರ್ಚಿ. ಹೊಂದದಿದ್ದರೆ ಬರಿಯ ಹಳೆಯ ಕುರ್ಚಿ. ಬೆಲೆಯಲ್ಲಿ ಅಜಗಜಾಂತರ.

ವ್ಯತ್ಯಾಸ ಅಷ್ಟಿರುವಾಗ ಮೋಸ ಹುಟ್ಟದಿರುವುದುಂಟೆ? ಈ ಕುರ್ಚಿಗಳ ವಿಷಯದಲ್ಲಿ ಗ್ರಂಥ ಬರೆದ ಬಿಲ್ ಪಾಲೋ ಎಂಬ ಮಹಾತಜ್ಞನೂ, ವರ್ಸೇಲ್ಸಿಗೇ ಕೆಲಸ ಮಾಡಿಕೊಡುತ್ತಿದ್ದ ಬ್ರೂನೋ ದೆನೂ ಎಂಬ ಕೆತ್ತನೆಗಾರನೂ ಸೇರಿ, ಹಳೆಯ ಮರವನ್ನು ಹುಡುಕಿ ತಂದು, ಹದಿನೆಂಟನೆಯ ಶತಮಾನದ ರಾಜಾಸನಗಳನ್ನು ಇಪ್ಪತ್ತೊಂದನೆಯ ಶತಮಾನದಲ್ಲಿ ತಯಾರಿಸಿದರು. ವರ್ಸೇಲ್ಸಿನವರೇ ಅವುಗಳಲ್ಲಿ ಕೆಲವನ್ನು ಕೊಂಡರು. ಮೊದಲು ಇದು ಗೆಳೆಯರಿಬ್ಬರ ಪಂತವಾಗಿದ್ದಿತಂತೆ, ನಮ್ಮಿಂದ ಆದೀತೋ ಆಗದೋ ಎಂದು. ಮೋಸವನ್ನು ಕಂಡುಹಿಡಿದವನು ಪಾಲೋವಿನ ಹಿಂದಿನ ಶಿಷ್ಯನೊಬ್ಬ. ಹೊಸ ಮರಕ್ಕೆ ಹಳೆಯ ಕೊಳೆಯ ಬಣ್ಣ ಬರಲೆಂದು ದೆನೂ ಜೇಷ್ಠಮಧುವನ್ನು ಕರಗಿಸಿ ಬಳಿಯುತ್ತಿದ್ದುದು ಈತನಿಗೆ ತಿಳಿದಿದ್ದಿತು. ಕುರ್ಚಿಯನ್ನು ಬಗ್ಗಿ ನೆಕ್ಕಿ ನೋಡಿದನು, ಸಿಹಿಯಾಗಿದ್ದಿತು! ಮಕ್ಕಳ ಕೆಮ್ಮಿಗೆ ನಾವು ತೇಯ್ದು ಕೊಡುವ ಜೇಷ್ಠಮಧುವು ಒಂದು ದೇಶದ ರಾಜಗೃಹದ ಗುಟ್ಟನ್ನು ಹೊರಗೆಡಹಿತೆಂಬುದನ್ನು ನಮ್ಮ ಗೃಹಿಣಿಗೆ ಓದಿ ಹೇಳಿದಾಗ ಆಕೆ, "ನಿಮ್ಮ ಕುರ್ಚೀನೂ ನೆಕ್ಕಿ ನೋಡಿ ಮತ್ತೆ," ಎಂದಳು. ೨೦೨೫ರ ಜೂನ್ ತಿಂಗಳಲ್ಲಿ ಪಾಂತ್ವಾಸ್ ನಗರದ ನ್ಯಾಯಾಲಯವು ಇಬ್ಬರನ್ನೂ ದೋಷಿಗಳೆಂದು ತೀರ್ಮಾನಿಸಿತು.

ನಮ್ಮನ್ನು ಕಾಡಿದುದು ಜೇಷ್ಠಮಧುವಲ್ಲ. ಆ ಕುರ್ಚಿಗಳೊಡನೆ ಅವು ಎಲ್ಲಿಂದ ಬಂದುವು, ಯಾರ ಮನೆಯಲ್ಲಿದ್ದುವು ಎಂಬ ಕಥೆಯೂ ಮಾರಾಟವಾಗುತ್ತಿದ್ದಿತಷ್ಟೆ. ನಮ್ಮ ತಮ್ಮನು ತಂದಿಟ್ಟ ಬಿಳಿಯ ಕಾಗದವು ಮೇಜಿನ ಮೇಲೆ ಹಾಗೆಯೇ ಇದ್ದಿತು.

ಊರಿನ ಮರಗೆಲಸದ ಆಚಾರ್ಯರನ್ನು ಕರೆಸಿದೆವು. ಎಪ್ಪತ್ತು ಮೀರಿದ ವೃದ್ಧರು. ಬಾಗಿಲು, ತೊಟ್ಟಿಲು, ತೇರಿನ ಚಕ್ರ ಎಲ್ಲವನ್ನೂ ಮಾಡಿದ ಕೈ. ಅವರು ಕುರ್ಚಿಯನ್ನು ಮೊದಲು ನೋಡಲಿಲ್ಲ, ಸವರಿದರು. ಕೈಗಳ ಕೆಳಭಾಗ, ಬೆನ್ನಿನ ಹಿಂಭಾಗ, ಕಣ್ಣಿಗೆ ಬೀಳದ ಕಡೆಗಳನ್ನೆಲ್ಲ ಬೆರಳಿನಿಂದ ಸವರಿ, ಆಮೇಲೆ ಬೋರಲು ಹಾಕಿದರು. ಕಾಲು ಕೈಗಳ ಬೆಸುಗೆಗಳನ್ನು ತೋರಿಸಿ, "ತೂತು ತೋಡಿ ಗೂಟ ಹೊಡೆದವ್ರೆ ಸ್ವಾಮಿ. ಒಳ್ಳೆ ಕೈಕೆಲಸ," ಎಂದರು. ನಮ್ಮ ತಮ್ಮನ ಮುಖ ಅರಳಿತು. ಆಸನದ ಒಳಗಿನ ನಾಲ್ಕು ಮೂಲೆಗಳಲ್ಲಿ ಬಲಕ್ಕೆಂದು ಕೂರಿಸಿದ್ದ ಮರದ ತುಂಡುಗಳಲ್ಲಿ ಒಂದನ್ನು ಅವರು ಮೆಲ್ಲಗೆ ಬಿಚ್ಚಿದರು. ತಿರುಪುಮೊಳೆಯೊಂದು ಹೊರಗೆ ಬಂದಿತು. ಅದನ್ನು ಅಂಗೈಯ ಮೇಲೆ ಇಟ್ಟುಕೊಂಡು ಬಹಳ ಹೊತ್ತು ನೋಡಿದರು.

ತಿರುಪುಮೊಳೆಯ ತುದಿಯು ಚೂಪಾಗಿದ್ದಿತು. ಹಳೆಯ ಕಾಲದ ತಿರುಪುಮೊಳೆಗಳ ತುದಿ ಮೊಂಡು. ಮೊದಲು ರಂಧ್ರ ಕೊರೆದಲ್ಲದೆ ಅವು ಒಳಗೆ ಹೋಗವು. ಯಂತ್ರದಿಂದ ಮೊನೆ ತೆಗೆದ ತಿರುಪುಮೊಳೆ ಬಳಕೆಗೆ ಬಂದುದು ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ. ಸುಲ್ತಾನನು ಮಡಿದು ಅರ್ಧ ಶತಮಾನವಾದ ಮೇಲೆ. "ಆಮೇಲೆ ಯಾರಾದರೂ ದುರಸ್ತಿ ಮಾಡಿರಬಹುದಲ್ಲ ಆಚಾರ್ರೇ?" ಎಂದು ನಮ್ಮ ತಮ್ಮನು ಕೇಳಿದನು. ಪ್ರಶ್ನೆ ನ್ಯಾಯವಾದದ್ದೇ. ಆಚಾರ್ಯರು ತುಂಡು ಕೂತಿದ್ದ ಜಾಗವನ್ನು ತೋರಿಸಿದರು. ಸುತ್ತಲಿನ ಮರವು ಗಾಳಿ ಹೊಗೆ ಕುಡಿದು ಕಪ್ಪಾಗಿದ್ದರೆ, ತುಂಡಿನ ಅಡಿಯ ಮರ ಮಾತ್ರ ಇನ್ನೂ ಕೆಂಪುಛಾಯೆಯಲ್ಲಿದ್ದಿತು; ಕುರ್ಚಿ ಹುಟ್ಟಿದ ದಿನದಿಂದ ಆ ತುಂಡು ಅಲ್ಲಿಯೇ ಇದ್ದಿತೆಂದರ್ಥ. ರಂಧ್ರವೂ ಒಂದೇ, ಎರಡನೆಯ ಮೊಳೆ ಹೊಕ್ಕ ಗುರುತಿಲ್ಲ. ಇನ್ನೂ ಒಂದನ್ನು ತೋರಿಸಿದರು. ಪಟ್ಟಿಯ ಒಳಮೈಯನ್ನು ಕೀಸುಳಿ ಹಾಕಿ ನಯಮಾಡದೆ ಹಾಗೆಯೇ ಬಿಟ್ಟಿದ್ದರು; ಅಲ್ಲಿ ಗರಗಸದ ಗೀರುಗಳು ಬಿಲ್ಲಿನಂತೆ ಬಾಗಿದ್ದುವು. ಇಬ್ಬರು ಹಿಡಿದು ಎಳೆಯುವ ಗರಗಸದ ಗೀರು ನೆಟ್ಟಗಿರುತ್ತದೆ. ಬಾಗಿದ ಗೀರು ಯಂತ್ರದ ಚಕ್ರಗರಗಸದ್ದು.

ಹೂವಿನ ಮಾತು ಉಳಿದಿತ್ತು. ವರ್ತಕರು ಅದನ್ನು ಆನೆಯ ದಂತವೆಂದಿದ್ದರು. ದಂತವೇ ಆಗಿದ್ದರೆ ಈಗಿನ ಕಾನೂನಿನಂತೆ ಮಾರುವುದೇ ಅಪರಾಧವೆಂಬುದನ್ನು ಅವರು ಹೇಳಲು ಮರೆತಿದ್ದರು. ಭೂತಗನ್ನಡಿಯಲ್ಲಿ ನೋಡಿದರೆ ದಂತದ ಅಡ್ಡಕೊಯ್ತದಲ್ಲಿ ಒಂದನ್ನೊಂದು ದಾಟುವ ನವಿರಾದ ಗೆರೆಗಳು ಕಾಣಬೇಕು. ನಮ್ಮ ಹೂವಿನ ದಳಗಳಲ್ಲಿ ಕಂಡುದು ಸೂಜಿಮೊನೆಯಷ್ಟು ಸಣ್ಣ ಕಪ್ಪು ಚುಕ್ಕೆಗಳು. ಅದು ಮೂಳೆ.

"ಅರಮನೆ ಕೈಯಲ್ಲ ಸ್ವಾಮಿ," ಎಂದರು ಆಚಾರ್ಯರು. "ಆದ್ರೆ ಮಾಡ್ದೋನು ಕಳ್ಳಗೆಲಸ ಮಾಡಿಲ್ಲ. ಈ ಕೈಯಿನ ಸುರುಳಿ ನೋಡಿ, ಎಲ್ಲೂ ನಾರು ಎದ್ದಿಲ್ಲ. ಬೀಟೇನ ಹಂಗೆ ಬಗ್ಗೋ ಹಂಗೆ ಕೆತ್ತೋದು ಸುಲಭ ಅಲ್ಲ." ಅವರು ಆ ಸುರುಳಿಯನ್ನು ಮತ್ತೊಮ್ಮೆ ಸವರಿದ ರೀತಿಯನ್ನು ನೋಡಿ, ಅದೇ ಕುರ್ಚಿಯಲ್ಲಿ ಬೆಳೆದ ನಾವು ಅದನ್ನು ಒಂದು ದಿನವೂ ಹಾಗೆ ಮುಟ್ಟಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ಇನ್ನು ಅಜ್ಜಿಗೆ ತಿಳಿಸುವ ಕೆಲಸ. ನಮ್ಮ ತಂದೆಯ ತಾಯಿ, ಎಂಬತ್ತೆಂಟು ವರ್ಷ. ಕುರ್ಚಿಯ ಕಥೆಯನ್ನು ನಮಗೆ ದಾಟಿಸಿದವರು ಅವರೇ ಎಂದು ನಮ್ಮ ನಂಬಿಕೆ. ನೋವಾದೀತೆಂದು ಎರಡು ದಿನ ಹಿಂದೆಮುಂದೆ ನೋಡಿ, ಮೂರನೆಯ ದಿನ ಎಲೆ ಅಡಿಕೆ ಕುಟ್ಟಿಕೊಡುವ ನೆಪದಲ್ಲಿ ಹತ್ತಿರ ಕುಳಿತು, ಸುತ್ತಿ ಬಳಸಿ ಹೇಳಿದೆವು. ಅಜ್ಜಿ ಎಲ್ಲವನ್ನೂ ಕೇಳಿ, "ಲೋ ಮಗಾ, ಪಟ್ಟಣದಿಂದ ಬಂತು ಅಂತ ನಮ್ಮತ್ತೆ ಹೇಳಿದ್ದು ದಿಟ. ಸುಲ್ತಾನ್ರುದು ಅಂತ ನಾನ್ಯಾವತ್ತಂದೆ? ಅದು ನಿಮ್ಮಜ್ಜ ಸೇರಿಸಿದ್ದು. ಬೀಗರು ಬಂದಾಗಲೆಲ್ಲ ಒಂದೊಂದು ಎಳೆ ಜಾಸ್ತಿ ಮಾಡೋರು," ಎಂದು ನಕ್ಕರು.

ಆ ಧೈರ್ಯದಿಂದ ೧೧೭ರ ವಿಷಯವನ್ನೂ ಕೇಳಿದೆವು. ಅಜ್ಜಿ ನಮ್ಮನ್ನು ಮರುಕದಿಂದ ನೋಡಿದರು. "ಕೇರೀಲಿ ಮದ್ವೆ ಅಂದ್ರೆ ಇರೋಬರೋ ಕುರ್ಚಿಯೆಲ್ಲ ಚಪ್ಪರಕ್ಕೆ ಹೋಗೋವು. ವಾಪಸ್ ಬರೋವಾಗ ನಮ್ದ್ಯಾವ್ದು, ಅವರದ್ಯಾವ್ದು ಅಂತ ಜಗಳ. ಅದಕ್ಕೆ ನಿಮ್ಮಜ್ಜ ಮನೆ ನಂಬರು ಬರೆಸಿದ್ರು. ಬೇಕಾದ್ರೆ ದೊಡ್ಡ ಕೊಳದಪ್ಪಲೆ ತಳ ನೋಡು." ಅಟ್ಟದಿಂದ ಕೊಳದಪ್ಪಲೆಯನ್ನು ಇಳಿಸಿ ಮಸಿಯನ್ನು ಉಜ್ಜಿ ನೋಡಿದೆವು. ಚಾಣದಿಂದ ಹೊಡೆದ ಚುಕ್ಕೆಗಳಲ್ಲಿ ೧೧೭! ಮನೆಗಳಿಗೆ ಹೊಸ ಸಂಖ್ಯೆ ಬಂದು ಬಹುಕಾಲವಾದುದರಿಂದ ನಮಗೆ ಗುರುತು ಸಿಕ್ಕಿರಲಿಲ್ಲ. ಹಳೆಯ ಕಂದಾಯದ ರಸೀತಿಗಳಲ್ಲಿ ಅದೇ ಸಂಖ್ಯೆಯಿದೆ. ಫ್ರಾನ್ಸಿನ ಅರಸನ ಉಗ್ರಾಣದವರು ಯಾವ ಕಾರಣಕ್ಕಾಗಿ ಸಂಖ್ಯೆಯನ್ನು ಹಾಕುತ್ತಿದ್ದರೋ ನಮ್ಮ ಅಜ್ಜನೂ ಅದೇ ಕಾರಣಕ್ಕಾಗಿ ಹಾಕಿಸಿದನು. ಪುಸ್ತಕದ ಸಂಖ್ಯೆಯೂ ಕುರ್ಚಿಯ ಸಂಖ್ಯೆಯೂ ಸರಿಯಾಗಿ ಹೊಂದಿದುವು. ಪುಸ್ತಕ ಮಾತ್ರ ಬೇರೆ.

ಗಡುವಿನ ಹಿಂದಿನ ಸಂಜೆ ನಾವು ಮಲ್ಲಿಕಾರ್ಜುನನ ಗುಡಿಗೆ ಹೋಗಿ ಕುಳಿತೆವು. ಹೊಯ್ಸಳ ದೊರೆ ಇಮ್ಮಡಿ ನರಸಿಂಹನ ಕಾಲದಲ್ಲಿ, ಸುಮಾರು ೧೨೩೪ರಲ್ಲಿ, ಹರಿಹರ ದಂಡನಾಯಕನು ಕಟ್ಟಿಸಿದ ಗುಡಿಯಿದು. ಕೈಲಾಸವನ್ನೆತ್ತುವ ರಾವಣ, ಅಂಧಕಾಸುರನ ತಲೆಯ ಮೇಲೆ ಕುಣಿಯುವ ಹದಿನಾರು ತೋಳಿನ ಶಿವ, ಮೀನನ್ನು ಹೊಡೆಯುವ ಅರ್ಜುನನತ್ತ ಹಾರ ಹಿಡಿದು ಬರುವ ದ್ರೌಪದಿ ಇವರೆಲ್ಲ ನಮ್ಮ ಬಾಲ್ಯದ ನೆಂಟರು. ಕಟ್ಟಿಸಿದವನ ಹೆಸರು ಶಾಸನದಿಂದ ತಿಳಿದುದು. ಊರಿನವರ ಬಾಯಿಮಾತನ್ನೇ ನಂಬಿದ್ದರೆ ಜಕಣಾಚಾರಿಯು ಒಂದೇ ರಾತ್ರಿಯಲ್ಲಿ ಮಾಡಿದನೆಂದು ಹೇಳಿ ಮುಗಿಸುತ್ತಿದ್ದೆವು. ನುಗ್ಗೇಹಳ್ಳಿಯಲ್ಲಿಯೂ ಸೋಮನಾಥಪುರದಲ್ಲಿಯೂ ಮಲ್ಲಿತಮ್ಮನೆಂಬ ಶಿಲ್ಪಿಯು ವಿಗ್ರಹಗಳ ಅಡಿಯಲ್ಲಿ ತನ್ನ ಹೆಸರನ್ನು ಕೆತ್ತಿದ್ದಾನೆ, ಪ್ಯಾರಿಸ್ಸಿನ ಬಡಗಿಗಳು ಮುದ್ರೆ ಹೊಡೆಯುವುದಕ್ಕೆ ಐನೂರು ವರ್ಷ ಮೊದಲೇ. ನಮ್ಮ ಕುರ್ಚಿಯ ಬಡಗಿ ಹೆಸರನ್ನು ಬಿಟ್ಟು ಹೋಗಲಿಲ್ಲ. ಅವನ ಕೆಲಸಕ್ಕೆ ಸುಲ್ತಾನನ ಹೆಸರನ್ನು ಅಂಟಿಸಿದರೆ ಅವನಿದ್ದನೆಂಬ ಕುರುಹೂ ಹೋದಂತೆಯೇ. ಈ ಆಲೋಚನೆಯಿಂದ ಮಾಡು ಸೋರುವುದು ನಿಲ್ಲುವುದಿಲ್ಲವೆಂಬುದೂ ತಿಳಿದಿದ್ದಿತು. ಮನೆಗೆ ಬಂದು ಬಿಳಿಯ ಕಾಗದವನ್ನು ತೆಗೆದುಕೊಂಡೆವು.

ಬರೆದುದು ಇಷ್ಟು: ಈ ಕುರ್ಚಿಯು ಬೀಟೆಯ ಮರದ್ದು, ಶ್ರೀರಂಗಪಟ್ಟಣದಿಂದ ಬಂದಿತೆಂದು ಮನೆಯ ಹೆಂಗಸರ ಮಾತು, ತಿರುಪುಮೊಳೆ ಮತ್ತು ಗರಗಸದ ಗುರುತುಗಳಿಂದ ಹತ್ತೊಂಬತ್ತನೆಯ ಶತಮಾನದ ನಡುವಿಗಿಂತ ಹಿಂದಿನದಲ್ಲವೆಂದು ತೋರುತ್ತದೆ, ಹೂವು ಮೂಳೆಯದು, ೧೧೭ ಎಂಬುದು ನಮ್ಮ ಮನೆಯ ಹಳೆಯ ಸಂಖ್ಯೆ, ಅಜ್ಜನವರು ಬರೆಸಿದ್ದು. ಕೆಳಗೆ ಸಹಿ, ತಾರೀಖು.

ವರ್ತಕರು ಬಂದು ಕಾಗದವನ್ನು ಎರಡು ಸಲ ಓದಿ, ಮಡಿಸಿ, ನಮ್ಮ ಕೈಗೇ ಕೊಟ್ಟರು. "ಇಷ್ಟೊಂದು ಬರೆಯುವ ಅಗತ್ಯವಿರಲಿಲ್ಲ," ಎಂದರು. ನಲವತ್ತು ಸಾವಿರವು ಇಪ್ಪತ್ತೈದಕ್ಕೆ ಇಳಿಯಿತು. ಆಶ್ಚರ್ಯವೆಂದರೆ ಆ ಬೆಲೆಗೆ ಕೊಡುವುದಿಲ್ಲವೆಂದು ಮೊದಲು ಹೇಳಿದವನು ನಮ್ಮ ತಮ್ಮನೇ. ಹೇಳಿದ ಮೇಲೆ ನಮ್ಮೊಡನೆ ಒಂದು ವಾರ ಮಾತನಾಡಲಿಲ್ಲ. ಅವನನ್ನು ದೂರಲಾರೆವು, ಅವನ ಹೆಂಡತಿಯೇ ಸೋರುವ ಅಡುಗೆಮನೆಯಲ್ಲಿ ಹೆಚ್ಚು ಹೊತ್ತು ನಿಲ್ಲುವಾಕೆ.

ಆ ಬೇಸಗೆಯಲ್ಲಿ ಅಡುಗೆಮನೆಯ ಮೇಲಿನ ಅರ್ಧ ಮಾಡಿಗೆ ಹೊಸ ಹೆಂಚು ಹೊದಿಸಿದೆವು. ಉಳಿದರ್ಧ ಬರುವ ವರ್ಷದ ಕಬ್ಬಿನ ಹಣಕ್ಕೆ ಕಾದಿದೆ. ಆಚಾರ್ಯರು ಮೂಲೆಯ ತುಂಡನ್ನು ಅದೇ ತಿರುಪುಮೊಳೆಯಿಂದ ಮತ್ತೆ ಕೂರಿಸಿ, ತಮಗೆ ಗೊತ್ತಿದ್ದ ಒಬ್ಬರಿಂದ ಆಸನಕ್ಕೆ ಹೊಸ ಬೆತ್ತವನ್ನು ಹೆಣೆಸಿಕೊಟ್ಟರು. ನಾವು ಬರೆದ ಕಾಗದವನ್ನು ಒಂದು ಎಣ್ಣೆಬಟ್ಟೆಯಲ್ಲಿ ಸುತ್ತಿ ಆಸನದ ಅಡಿಯಲ್ಲಿ ಸಣ್ಣ ಮೊಳೆಗಳಿಂದ ಹೊಡೆದಿದ್ದೇವೆ. ಪಕ್ಕದಲ್ಲಿಯೇ ಇರುವ ೧೧೭ನ್ನು ಆಚಾರ್ಯರು ಉಪ್ಪುಕಾಗದ ಹಾಕಿ ಅಳಿಸಲು ಹೊರಟಾಗ, ಒಳಗಿನಿಂದ ಅಜ್ಜಿ ಕೂಗಿ ಹೇಳಿದರು: "ಅದನ್ನ ಅಳಿಸಬ್ಯಾಡಿ ಆಚಾರ್ರೇ, ಆಮೇಲೆ ಕುರ್ಚಿ ಯಾರದ್ದು ಅಂತ ಹೆಂಗೆ ಗೊತ್ತಾಗಬೇಕು?"